ಜನವರಿಯಲ್ಲಿ ತುಂಬುವ ಹೊಳೆ

ಹೊಳೆಯ ವಿಷಯದಲ್ಲಿ ಶರ್ವಾಣಿಗೆ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ. ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ, ಈಜು ಕಲಿತದ್ದು ಕಾವೇರಿಯಲ್ಲಿ. ಇಪ್ಪತ್ತೆರಡು ವರ್ಷಗಳಿಂದ ಪಂಪುಗಳ ನಕ್ಷೆ ಬರೆಯುತ್ತಿದ್ದವಳು, ಅದರಲ್ಲಿ ಒಂಬತ್ತು ವರ್ಷ ಕೆನ್ಯಾದ ನೈರೋಬಿಯಲ್ಲಿ. ಸೌತ್ ಸಿ ಬಡಾವಣೆಯ ಮನೆಯಿಂದ ಪಂಪು ಕಾರ್ಖಾನೆಗೆ ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ ಹೋಗುವಾಗ ಸೇತುವೆ ಬಂದರೆ ಸಾಕು, ಕತ್ತು ಚಾಚಿ ಕೆಳಗಿನ ನೀರಿಗೆ ಅಂಕ ಕೊಡುವ ಹೆಂಗಸು. ಆ ಊರಿನ ಯಾವ ಹೊಳೆಯೂ ಈವರೆಗೆ ಪಾಸಾಗಿರಲಿಲ್ಲ.

ಆ ಜನವರಿಯಲ್ಲಿ ದೂರದ ನೈಜರ್ ದೇಶದಿಂದ ಒಂದು ಆರ್ಡರ್ ಬಂತು. ನೈಜರ್ ನದಿಯ ದಡದಲ್ಲಿ ಬೆಂಡೆ, ಈರುಳ್ಳಿ ಬೆಳೆಯುವ ನಲವತ್ತು ಹೆಂಗಸರ ಸಂಘಕ್ಕೆ ಒಂದು ಪಂಪು ಬೇಕಿತ್ತು. ಅಲ್ಲಿಯವರೆಗೆ ಅವರು ಸೋರೆಬುರುಡೆಯಲ್ಲಿ ನೀರು ಹೊತ್ತು ಗಿಡಗಳಿಗೆ ಹಾಕುತ್ತಿದ್ದರು. ಸಂಘದ ಮುಖ್ಯಸ್ಥೆ ರಮಾತು ದಡದ ಫೋಟೊ, ಅಳತೆ ಎಲ್ಲ ಕಳಿಸಿದ್ದಳು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಹೊಳೆ ಮಾತ್ರ ಅಗಲವಾಗಿ ಹರಿಯುತ್ತಿದೆ. ಮಳೆ ನಿಂತು ತಿಂಗಳುಗಳಾದ ಮೇಲೂ ಇಷ್ಟು ನೀರಿದ್ದರೆ ಬೇಸಗೆಗೆ ಇನ್ನೊಂದು ಮೀಟರ್ ಇಳಿದೀತು, ಅಷ್ಟೇ ಎಂದು ಶರ್ವಾಣಿ ಲೆಕ್ಕ ಹಾಕಿದಳು. ನೀರಿನಿಂದ ಮೂರು ಮೀಟರ್ ಮೇಲೆ, ದಡದಲ್ಲಿ ಪಂಪು ಕೂರಿಸುವಂತೆ ನಕ್ಷೆ ಬರೆದಳು. ಪಂಪು ಪರೀಕ್ಷೆಯಾಗಿ ಮರದ ಪೆಟ್ಟಿಗೆ ಸೇರಿತು. ಸೋಮವಾರ ಅದು ಮೊಂಬಾಸಾ ಬಂದರಿಗೆ ಹೊರಡಬೇಕಿತ್ತು.

ಶುಕ್ರವಾರ, ಪಂಪು ಪರೀಕ್ಷಿಸುವ ಜೋಸೆಫ್ ಆ ಫೋಟೊ ನೋಡಿದ.

"ಮೇಡಂ, ಈ ನೀರು ಇಳೀತಾ ಇದೆಯೋ, ಏರ್ತಾ ಇದೆಯೋ?"

"ಮಳೇನೇ ಇಲ್ಲ, ಏರೋದೆಲ್ಲಿಂದ ಬಂತು ಜೋಸೆಫ್? ನಾನು ನದಿ ದಡದಲ್ಲಿ ಬೆಳೆದವಳು!"

"ನಾನೂ ಅಷ್ಟೇ. ನಮ್ಮ ಗಾರ್ಸೆನ್‌ನಲ್ಲಿ ಒಂದು ಹನಿ ಮಳೆ ಇಲ್ದೇನೇ ತಾನಾ ನದಿ ಮನೆಯೊಳಗೆ ಬರುತ್ತೆ. ಮಳೆ ಬಿದ್ದಿರೋದು ದೂರದ ಮೌಂಟ್ ಕೆನ್ಯಾ ಬೆಟ್ಟದಲ್ಲಿ."

ಶರ್ವಾಣಿ ಮೂಗು ಮುರಿದಳು. ಆದರೆ ಮಧ್ಯಾಹ್ನದ ಚಪಾತಿಯನ್ನು ಅರ್ಧಕ್ಕೇ ಬಿಟ್ಟಳು. ಡಬ್ಬಿ ಮುಚ್ಚಿ ಭೂಪಟ ತೆರೆದಳು. ನದಿ ಗಿನಿ ದೇಶದ ಬೆಟ್ಟಗಳಲ್ಲಿ ಹುಟ್ಟುತ್ತದೆ. ಕಡಲು ಅಲ್ಲಿಗೆ ಹತ್ತಿರವೇ ಇದ್ದರೂ ಅದಕ್ಕೆ ಬೆನ್ನು ತಿರುಗಿಸಿ ಮಾಲಿಗೆ ನಡೆಯುತ್ತದೆ. ಅಲ್ಲಿ ಜಿಲ್ಲೆಗಟ್ಟಲೆ ಜೌಗಿನಲ್ಲಿ ಹರಡಿಕೊಂಡು ಸುಧಾರಿಸಿಕೊಳ್ಳುತ್ತದೆ. ಸಹಾರಾದ ಅಂಚು ಮುಟ್ಟಿ, ಬಾಗಿ, ನೈಜರ್ ದೇಶಕ್ಕೆ ಇಳಿದು, ಬೆನಿನ್‌ನ ಗಡಿ ಸವರಿ, ನೈಜೀರಿಯಾ ದಾಟಿ ಕೊನೆಗೆ ಕಡಲು ಸೇರುತ್ತದೆ. ನಾಲ್ಕು ಸಾವಿರ ಕಿಲೋಮೀಟರ್! ಇಷ್ಟು ದೂರ ನಡೆಯಲು ನೀರಿಗೆ ಎಷ್ಟು ದಿನ ಬೇಕು? ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಒಮ್ಮೆಯೂ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ.

ಕೂಡಲೇ ಫೋನ್ ಮಾಡಿದಳು. ಮೊದಲು ಕೇಳಿಸಿದ್ದು ರಮಾತುವಿನ ನಗು. ಆಮೇಲಿನದನ್ನು ಸಂಘದ ಕಾರ್ಯದರ್ಶಿ ಇಂಗ್ಲಿಷಿನಲ್ಲಿ ತಿಳಿಸಿದ: "ಇದು ನಮ್ಮ ಹೊಳೆ ತುಂಬೋ ತಿಂಗಳು. ಗಿನಿಯಲ್ಲಿ ಆಗಸ್ಟ್‌ನಲ್ಲಿ ಬಿದ್ದ ಮಳೆ ಈಗ ಇಲ್ಲಿಗೆ ಬಂದು ಮುಟ್ಟಿದೆ. ಮೇ ತಿಂಗಳಲ್ಲಿ ನೀರು ಈಗಿನದಕ್ಕಿಂತ ಐದು ಮೀಟರ್ ಕೆಳಗಿರುತ್ತೆ."

ಶರ್ವಾಣಿ ಕೂಡಿಸಿ ನೋಡಿದಳು. ದಡದ ಎತ್ತರ ಮೂರು, ನೀರು ಇಳಿಯುವುದು ಐದು, ಒಟ್ಟು ಎಂಟು. ಅವಳ ಪಂಪು ಏಳು ಮೀಟರಿಗಿಂತ ಕೆಳಗಿನ ನೀರನ್ನು ಎಳೆಯಲಾರದು. ಹಾಗೇ ಕಳಿಸಿದ್ದರೆ, ಸುಡುವ ಮೇ ತಿಂಗಳಲ್ಲಿ ನಲವತ್ತು ಹೆಂಗಸರ ಬೆಳೆ ಒಣಗುತ್ತಿರುವಾಗ ಪಂಪು ದಡದ ಮೇಲೆ ಕೂತು ಗಾಳಿ ಕುಡಿಯುತ್ತಿತ್ತು. ನಾಚಿಕೆಯಿಂದಲೇ ಹೋಗಿ ಮ್ಯಾನೇಜರಿಗೆ ತಿಳಿಸಿದಳು.

ಮ್ಯಾನೇಜರ್ ವಿಶ್ವನಾಥ್ ರೇಗಿದರು. "ಷಿಪ್ಪಿಂಗ್ ಬುಕ್ ಆಗಿದೆ, ಪ್ಯಾಕಿಂಗ್ ಮುಗಿದಿದೆ. ಈಗ ಹೇಳ್ತಿದ್ದೀರಲ್ಲ!"

"ಮಿಸ್ಟೇಕ್ ನಂದೇ ಸಾರ್," ಎಂದಳು ಶರ್ವಾಣಿ, ಎಲ್ಲರೆದುರಿಗೇ. "ಜೋಸೆಫ್ ಕೇಳ್ದೆ ಇದ್ದಿದ್ರೆ ಹಾಗೇ ಕಳಿಸಿಬಿಡ್ತಿದ್ದೆ. ಹತ್ತು ದಿನ ಟೈಮ್ ಕೊಡಿ."

ವಿಶ್ವನಾಥ್ ಗೊಣಗುತ್ತಲೇ ಕೊಟ್ಟರು. ಶರ್ವಾಣಿ, ಜೋಸೆಫ್ ಸೇರಿ ಡ್ರಮ್ಮುಗಳ ಮೇಲೆ ಕಬ್ಬಿಣದ ಚೌಕಟ್ಟು ಕಟ್ಟಿ ತೆಪ್ಪ ಮಾಡಿದರು. ಪಂಪು ತೆಪ್ಪದ ಮೇಲೆ ಕೂತು ನೀರಿನ ಜೊತೆಗೇ ಏರಬೇಕು, ಇಳಿಯಬೇಕು. ಮೊದಲ ದಿನ ಅದು ತೊಟ್ಟಿಯಲ್ಲಿ ವಾಲಿಕೊಂಡು ಜೋಸೆಫ್‌ನನ್ನು ತೋಯಿಸಿತು. ನಾಲ್ಕನೆಯ ದಿನ ನೆಟ್ಟಗೆ ನಿಂತಿತು. ಹತ್ತನೆಯ ದಿನ ಪೆಟ್ಟಿಗೆ ಮೊಂಬಾಸಾಕ್ಕೆ ಹೊರಟಿತು.

ಮೇ ತಿಂಗಳ ಒಂದು ಬೆಳಿಗ್ಗೆ ಸಂಘದಿಂದ ಫೋನ್ ಬಂತು. ಹೊಳೆ ಐದು ಮೀಟರ್ ಇಳಿದಿದೆ, ತೆಪ್ಪವೂ ಅದರ ಜೊತೆ ಇಳಿದಿದೆ, ರಮಾತು ಈಗ ಪಂಪಿನ ಪಕ್ಕದಲ್ಲೇ ನಿಂತಿದ್ದಾಳೆ ಎಂದ ಕಾರ್ಯದರ್ಶಿ. ಫೋನನ್ನು ಪಂಪಿನ ಹತ್ತಿರ ಹಿಡಿಯಲು ಹೇಳಿ, ಶರ್ವಾಣಿ ಜೋಸೆಫ್‌ನ ಬಳಿಗೆ ಓಡಿ ತನ್ನ ಫೋನನ್ನು ಅವನ ಕಿವಿಗಿಟ್ಟಳು. ಗಾಳಿ ಎಳೆಯುವ ಪಂಪು ಕಲ್ಲು ಅಗಿದಂತೆ ಸದ್ದು ಮಾಡುತ್ತದೆ. ಜೋಸೆಫ್ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ.

"ಗಾಳಿ ಇಲ್ಲ ಮೇಡಂ. ಬರೀ ನೀರು."

ಶರ್ವಾಣಿಗೆ ಸಂತೋಷಕ್ಕೆ ಅಳುವೇ ಬಂತು. "ಫೋನ್ ಹಾಗೇ ಹಿಡಿದಿರೋಕೆ ಅವರಿಗೆ ಹೇಳು," ಎಂದಳು, "ನಾನೂ ಕೇಳ್ಬೇಕು."