ಗಾಳಿಗೆದುರು ಒಂದು ಲೀಟರ್

ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಗಂಗಕ್ಕನಿಗೆ ಇಪ್ಪತ್ತೇಳು ವರ್ಷಗಳಿಂದ ಒಂದೇ ಕೆಲಸ. ಬೆಳಿಗ್ಗೆ ಏಳಕ್ಕೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ ತಂತಿ ಬೇಲಿಯೊಳಗಿನ ಹುಲ್ಲಿನ ಅಂಗಳಕ್ಕೆ ಹೋಗಿ, ಮಳೆ ಎಷ್ಟು ಬಿತ್ತು, ಗಾಳಿ ಎಷ್ಟು ಬೀಸಿತು, ಬಿಸಿಲು ಎಷ್ಟು ನೀರು ಕುಡಿಯಿತು ಎಂದು ನೋಡಿ ಬರೆದಿಡುವುದು. ಮೂರರಲ್ಲಿ ಅವಳಿಗೆ ಇಷ್ಟವಾದದ್ದು ಕೊನೆಯದು. ಅಲ್ಲೊಂದು ಅಗಲವಾದ ಲೋಹದ ತೊಟ್ಟಿ, ಹಕ್ಕಿಗಳು ಕುಡಿಯದಂತೆ ಅದರ ಮೇಲೆ ಬಲೆ, ಒಳಗೆ ನೀರಿನ ಮಟ್ಟ ತೋರಿಸಲು ಒಂದು ಚೂಪಾದ ಮುಳ್ಳು. ಒಂದು ದಿನ ಕಳೆದರೆ ನೀರು ಮುಳ್ಳಿನ ತುದಿಯಿಂದ ಕೆಳಗಿಳಿದಿರುತ್ತದೆ. ಗಂಗಕ್ಕ ಅಳತೆಯ ಜಾಡಿಯಿಂದ ಮತ್ತೆ ಆ ತುದಿ ಮುಟ್ಟುವವರೆಗೆ ನೀರು ಸುರಿಯುತ್ತಾಳೆ. ಎಷ್ಟು ಸುರಿದಳೋ ಅಷ್ಟು ನೀರು ಆಕಾಶಕ್ಕೆ ಹೋಗಿದೆ ಎಂದರ್ಥ. ಬೇಸಗೆಯಲ್ಲಿ ಹತ್ತು ಮಿಲಿಮೀಟರ್ ಹೋದ ದಿನ ಅವಳು ಜಾಡಿ ಹಿಡಿದುಕೊಂಡೇ ತಲೆಯೆತ್ತಿ, ಆ ನೀರು ಈಗ ಯಾವ ಊರಿನ ಮೇಲೆ ತೇಲುತ್ತಿರಬಹುದು ಎಂದು ಸ್ವಲ್ಪ ಹೊತ್ತು ನಿಂತುಬಿಡುತ್ತಿದ್ದಳು.

ಅವಳು ಯಲ್ಲದಕೆರೆ ಕಡೆಯ ಕುರಿಗಾಹಿ ಗೊಲ್ಲಪ್ಪನ ಮಗಳು. ಗಂಡ ಸಣ್ಣಪ್ಪ ಅದೇ ಕೇಂದ್ರದ ತೋಟದಲ್ಲಿ ನೀರು ಹಾಯಿಸುವ ಕೆಲಸದವನು. ಮಾತು ಕಡಿಮೆ, ನಿದ್ದೆ ಹೆಚ್ಚು. ಒಬ್ಬಳೇ ಮಗಳು ಕೀರ್ತನಾಳನ್ನು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಗೆ ಕೊಟ್ಟಿದ್ದರು. ಅಲ್ಲಿಗೆ ಹೋಗಬೇಕೆಂದರೆ ಹಿರಿಯೂರಿನಿಂದ ಹೊಸದುರ್ಗಕ್ಕೆ ಒಂದು ಬಸ್ಸು, ಅಲ್ಲಿ ಕಾದು ಇನ್ನೊಂದು. ಹೋಗಿ ಮುಟ್ಟಿ, ಮೊಮ್ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳುವಷ್ಟರಲ್ಲಿ ವಾಪಸು ಹೊರಡುವ ಹೊತ್ತಾಗುತ್ತಿತ್ತು. ಹಾಗಾಗಿ ಐವತ್ತಮೂರನೇ ವಯಸ್ಸಿನಲ್ಲಿ ಗಂಗಕ್ಕ ಕಾರು ಓಡಿಸಲು ಕಲಿಯುವುದೆಂದು ತೀರ್ಮಾನಿಸಿದಳು.

ಕಲಿಸಿದವಳು ಯಾಸ್ಮಿನ್. ಅವಳ ಅಜ್ಜ, ಮುತ್ತಜ್ಜಂದಿರು ಹಿರಿಯೂರಿನಲ್ಲಿ ಎತ್ತಿನ ಗಾಡಿಯ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದವರು. ಇವಳು ಹೆಂಗಸರಿಗೆ ಕಾರು ಕಲಿಸುವ ಸಣ್ಣ ಶಾಲೆ ನಡೆಸುತ್ತಾಳೆ. ಎರಡು ತಿಂಗಳಲ್ಲಿ ಗಂಗಕ್ಕನಿಗೆ ಲೈಸೆನ್ಸ್ ಬಂತು. ಅದೇ ಹೊತ್ತಿಗೆ ಕೇಂದ್ರದ ವಿಜ್ಞಾನಿ ನೇತ್ರಾವತಿ ಮೇಡಂಗೆ ವರ್ಗವಾಗಿ, ಅವರು ತಮ್ಮ ಪುಟ್ಟ ಬಿಳಿ ಕಾರನ್ನು ಕಡಿಮೆ ಬೆಲೆಗೆ ಗಂಗಕ್ಕನಿಗೇ ಕೊಟ್ಟರು.

"ಮೈಲೇಜ್ ಚೆನ್ನಾಗಿದೆ ಗಂಗಕ್ಕ, ಇಲ್ನೋಡಿ," ಎಂದು ಮೇಡಂ ಸ್ಟೇರಿಂಗ್ ಹಿಂದಿನ ಪರದೆ ತೋರಿಸಿದರು. ಒಂದು ಲೀಟರಿಗೆ 19.2 ಕಿಲೋಮೀಟರ್ ಎಂದು ಅಲ್ಲಿ ಬೆಳಗುತ್ತಿತ್ತು.

ಗಂಗಕ್ಕ ದಿನಾ ಬೆಳಿಗ್ಗೆ ಕಾರಿನಲ್ಲಿ ಕೆಲಸಕ್ಕೆ ಹೊರಟಳು. ಸಂಜೆ ಕೈ ಪಳಗಲೆಂದು ವಾಣಿವಿಲಾಸ ಸಾಗರದ ಕಡೆ ಒಂದು ಸುತ್ತು. ನಾಲ್ಕು ದಿನಕ್ಕೆ ಪರದೆಯ ಅಂಕಿ 18.9 ಆಯಿತು. ಇನ್ನೊಂದು ವಾರಕ್ಕೆ 18.3. ಆಮೇಲೆ 17.6. ಬೇಸಗೆಯಲ್ಲಿ ಕೆರೆಯ ಅಂಚು ಹಿಂದೆ ಸರಿಯುವ ಹಾಗೆ, ನೋಡುತ್ತಿದ್ದಾಗ ಗೊತ್ತಾಗದೆ, ಅದು ಇಳಿಯುತ್ತಲೇ ಹೋಯಿತು. ಕಾರಿಗೇನೋ ಕಾಯಿಲೆ ಇರಬೇಕೆಂದು ಅವಳಿಗೆ ಕಳವಳ ಹತ್ತಿತು. ಆದರೆ ಪರದೆಯನ್ನು ಪೂರ್ತಿ ನಂಬಲೂ ಆಗಲಿಲ್ಲ. ಅದರೊಳಗೆ ಯಾರು ಅಳೆಯುತ್ತಾರೆ, ಹೇಗೆ ಅಳೆಯುತ್ತಾರೆ ಎಂಬುದು ಕಾಣುವುದಿಲ್ಲವಲ್ಲ.

ಟ್ಯಾಂಕಿನಲ್ಲಿ ಎಷ್ಟು ಉಳಿದಿದೆಯೆಂದು ಕಡ್ಡಿ ಹಾಕಿ ನೋಡಲು ಬರುವುದಿಲ್ಲ. ಹಾಗಾದರೆ ಖರ್ಚಾದದ್ದು ಗೊತ್ತಾಗುವುದು ಹೇಗೆ? ಎರಡು ದಿನ ಇದೇ ಯೋಚನೆ. ಮೂರನೆಯ ಬೆಳಿಗ್ಗೆ ತೊಟ್ಟಿಗೆ ನೀರು ಸುರಿಯುತ್ತಿದ್ದಾಗ ಮುಳ್ಳಿನ ತುದಿಗೆ ನೀರು ಮುಟ್ಟಿತು. ಗಂಗಕ್ಕ ಜಾಡಿಯನ್ನು ನೋಡಿದಳು, ಮುಳ್ಳನ್ನು ನೋಡಿದಳು, ತನ್ನಷ್ಟಕ್ಕೆ ನಕ್ಕಳು. ಉಳಿದದ್ದನ್ನು ಅಳೆಯುವ ಅಗತ್ಯವೇ ಇಲ್ಲ. ಟ್ಯಾಂಕನ್ನು ಒಂದು ಗುರುತಿನವರೆಗೆ ತುಂಬಿಸಿ, ಓಡಿಸಿ, ಮತ್ತೆ ಅದೇ ಗುರುತಿಗೆ ತುಂಬಿಸಿದರೆ ಆಯಿತು. ಎರಡನೇ ಸಲ ಸುರಿದಷ್ಟೇ ರಸ್ತೆಯಲ್ಲಿ ಹೋದದ್ದು.

ಅಂದೇ ಬಂಕಿಗೆ ಹೋದಳು. ಅಲ್ಲಿ ಪೆಟ್ರೋಲ್ ಹಾಕುವ ಮುರುಗಪ್ಪ ಅವಳಿಗೆ ಮೊದಲಿನಿಂದ ಪರಿಚಯ. ಪೈಪು ಟಕ್ ಎಂದು ತಾನೇ ನಿಂತಿತು. ಅವನು ಮತ್ತೆ ಒತ್ತಲು ಹೋದ.

"ಸಾಕು ಮುರುಗಪ್ಪ. ಟಕ್ ಅಂದ್ ಮೇಲೆ ಒಂದ್ ಹನಿನೂ ಬ್ಯಾಡ."

"ರೌಂಡ್ ಮಾಡ್ತೀನಿ ಕಣಕ್ಕ, ಎಲ್ರೂ ಹಂಗೇ ಹಾಕಿಸ್ಕೊಳ್ಳೋದು."

"ನಂಗೆ ರೌಂಡ್ ಬ್ಯಾಡ. ಮುಂದಿನ್ ಸಲನೂ ಇದೇ ಪೈಪಲ್ಲೇ ಹಾಕು. ಗಾಡಿನೂ ಇದೇ ಜಾಗದಾಗೆ ನಿಲ್ಲಿಸ್ತೀನಿ, ಇಲ್ಲಿ ನೆಲ ಸಮ ಐತೆ."

ಮುರುಗಪ್ಪ ಅವಳ ಮುಖ ನೋಡಿದ. ಜಗಳಕ್ಕೆ ಬಂದವಳಲ್ಲವೆಂದು ಖಾತ್ರಿಯಾದ ಮೇಲೆ ತಲೆಯಾಡಿಸಿದ.

ನೂರ ಎಂಬತ್ತಾರು ಕಿಲೋಮೀಟರ್ ಓಡಿಸಿ ಮತ್ತೆ ಬಂದಳು. ಹದಿನಾಲ್ಕು ಲೀಟರ್ ಇನ್ನೂರು ಮಿಲಿ ಹಿಡಿಯಿತು. ಭಾಗಿಸಿದರೆ 13.1. ತಪ್ಪಾಗಿರಬಹುದೆಂದು ಇನ್ನೊಮ್ಮೆ ಮಾಡಿದಳು. ಇನ್ನೂರ ಮೂರು ಕಿಲೋಮೀಟರಿಗೆ ಹದಿನೈದು ಲೀಟರ್ ನಾನೂರು ಮಿಲಿ. 13.2. ಎರಡು ಸಲವೂ ಒಂದೇ ಮಾತು ಹೇಳಿದ ಮೇಲೆ ಅಳತೆ ಸರಿಯಿದೆ ಎಂದೇ ಲೆಕ್ಕ. ಮೇಡಂ ಕೈಯಲ್ಲಿ ಹತ್ತೊಂಬತ್ತು ಓಡಿದ ಕಾರು ತನ್ನ ಕೈಯಲ್ಲಿ ಹದಿಮೂರು ಓಡುತ್ತಿದೆ. ಮಿಕ್ಕ ಆರು ಕಿಲೋಮೀಟರ್ ಎಲ್ಲಿ ಹೋಯಿತು?

ಅವಳು ಯಾಸ್ಮಿನ್ ಹತ್ತಿರ ಹೋದಳು. ಲೆಕ್ಕ ಬರೆದ ಚೀಟಿ ನೋಡಿದ ಯಾಸ್ಮಿನ್, "ಗಾಡಿ ಚೆನ್ನಾಗೇ ಐತೆ ಗಂಗಕ್ಕ, ನಾನೇ ನೋಡಿದ್ದೆ. ಬರ್ರಿ, ಒಂದ್ ರೌಂಡ್ ಹೋಗಾಣ. ನೀವು ಓಡಿಸ್ರಿ, ನಾನು ಸುಮ್ನೆ ಕುಂತ್ಕಳ್ತೀನಿ," ಎಂದಳು.

ಊರು ದಾಟಿ ಹೊಸದುರ್ಗದ ರಸ್ತೆ ಹಿಡಿದರು. ಯಾಸ್ಮಿನ್ ನಿಜವಾಗಿಯೂ ಸುಮ್ಮನೆ ಕೂತಿದ್ದಳು. ನಾಲ್ಕು ಕಿಲೋಮೀಟರ್ ಆದ ಮೇಲೆ ಮೆಲ್ಲಗೆ ಕೇಳಿದಳು.

"ಅಕ್ಕ, ಯಾವ ಗೇರಲ್ಲಿದೀರಿ?"

"ಮೂರು."

"ನಾಲ್ಕಕ್ಕೆ ಯಾವಾಗ ಹಾಕ್ತೀರಿ?"

ಗಂಗಕ್ಕ ಮೂರರಲ್ಲೇ ಮುಂದೆ ಹೋದಳು. ಇಂಜಿನ್ ಒಂದೇ ಸಮ ಕೂಗುತ್ತಿತ್ತು. ಯಾಸ್ಮಿನ್ ಬಗ್ಗಿ ಅವಳ ಎಡಗಾಲನ್ನು ನೋಡಿದಳು. ಅದು ಕ್ಲಚ್ಚಿನ ಮೇಲೇ ಇತ್ತು. ಪೂರ್ತಿ ಒತ್ತಿಲ್ಲ, ಪೂರ್ತಿ ಬಿಟ್ಟೂ ಇಲ್ಲ.

"ಪೆಟ್ರೋಲ್ ಇಲ್ಲೇ ಹೋಗ್ತೈತೆ. ಗಾಡಿ ಪಕ್ಕಕ್ಕೆ ಹಾಕ್ರಿ ಅಕ್ಕ."

ರಸ್ತೆ ಬದಿಯ ಹುಣಸೆ ಮರದ ಕೆಳಗೆ ನಿಂತರು. ಇಂಜಿನ್ ಆರಿಸಿದ ಮೇಲೆ ಗಾಳಿಯ ಸದ್ದಷ್ಟೇ ಉಳಿಯಿತು. ಯಾಕೆ ಹೀಗೆಂದು ಯಾಸ್ಮಿನ್ ಕೇಳುವ ಮೊದಲೇ ಗಂಗಕ್ಕನೇ ಹೇಳಿದಳು.

"ನಂಗೆ ಹನ್ನೊಂದು ವರ್ಷ ಆಗ. ಅಪ್ಪನ ಜೊತೆ ಕುರಿ ಹೊಡ್ಕಂಡು ದೊಡ್ಡ ರಸ್ತೆ ದಾಟ್ತಿದ್ವಿ. ಬೆಳಗಿನ್ ಜಾವ, ಮಂಜು. ಲಾರಿ ಬಂತು. ಹದಿನಾಲ್ಕು ಕುರಿ ಹೋದ್ವು. ಅಪ್ಪ ಒಂದ್ ಮರಿ ಎತ್ಕಂಡು ರಸ್ತೆ ಬದಿಗೆ ಕುಂತ್ನಲ್ಲ, ಬಿಸಿಲೇರಿದ್ರೂ ಏಳ್ಲಿಲ್ಲ." ತನ್ನ ಎಡಗಾಲನ್ನು ನೋಡಿಕೊಂಡು ಹೇಳಿದಳು, "ಕುರಿ ಅಡ್ಡ ಬಂದ್ರೆ ನಿಲ್ಸಕ್ಕೆ ಆಗಬೇಕು ಅಂತ ಕಾಲು ತಾನೇ ಅಲ್ಲಿ ಕುಂತ್ಕಳ್ತದೆ ಕಣಮ್ಮ."

ಯಾಸ್ಮಿನ್ ಎದುರಿನ ರಸ್ತೆಯತ್ತ ಕೈ ತೋರಿಸಿದಳು. "ನಿಲ್ಸೋದು ಬ್ರೇಕು ಅಕ್ಕ. ಕ್ಲಚ್ಚು ನಿಲ್ಸಲ್ಲ. ನಿಮ್ ಕಾಲು ಕಾಯ್ತಾ ಐತೆ, ಕಾಯ್ಬೇಕಾಗಿರೋದು ಕಣ್ಣು. ದೂರ ನೋಡ್ಕಂಡು ಓಡಿಸ್ರಿ. ಕುರಿ ಕಂಡಾಗ ನಿಲ್ಸೋಕೆ ಬೇಕಾದಷ್ಟು ಜಾಗ ಇರ್ತದೆ."

ಅವಳು ಪರದೆಯ ಹಳೆಯ ಸರಾಸರಿಯನ್ನು ಅಳಿಸಿ ಸೊನ್ನೆಗೆ ತಂದಳು. ಇಷ್ಟು ದಿನ ಇಳಿಯುತ್ತಿದ್ದದ್ದು ಮೇಡಂ ಓಡಿಸಿದ್ದಕ್ಕೂ ಗಂಗಕ್ಕ ಓಡಿಸಿದ್ದಕ್ಕೂ ಸೇರಿದ ಲೆಕ್ಕ ಎಂದು ತಿಳಿಸಿದಳು. ಎಡಗಾಲಿನ ಚಪ್ಪಲಿ ಬಿಡಿಸಿ, ಕ್ಲಚ್ಚಿನ ಪಕ್ಕದ ಖಾಲಿ ಜಾಗದಲ್ಲಿ ಪಾದ ಇಡಿಸಿದಳು. ಆ ವಾರವೆಲ್ಲ ಗಂಗಕ್ಕ ಅದೊಂದನ್ನೇ ಅಭ್ಯಾಸ ಮಾಡಿದಳು. ಪಾದ ಅಲ್ಲಿಂದ ಎದ್ದು ಬರುವುದು, ಅವಳು ಅದನ್ನು ವಾಪಸು ಕಳಿಸುವುದು.

ಆಷಾಢದ ಮೊದಲ ಭಾನುವಾರ ಗಂಡನನ್ನು ಕೂರಿಸಿಕೊಂಡು ರಾಮಗಿರಿಗೆ ಹೊರಟಳು. ಮುರುಗಪ್ಪನ ಬಂಕಿನಲ್ಲಿ ಟಕ್ ಎನ್ನುವವರೆಗೆ ತುಂಬಿಸಿದ್ದಳು. ಊರು ದಾಟುವ ಮೊದಲೇ ಸಣ್ಣಪ್ಪ ಕಿಟಕಿಗೆ ತಲೆಯೊರಗಿಸಿ ನಿದ್ದೆ ಹೋದ. ಅಣೆಕಟ್ಟಿನ ಗುಡ್ಡಗಳನ್ನು ಹಿಂದೆ ಬಿಟ್ಟ ಮೇಲೆ ರಸ್ತೆ ನೆಟ್ಟಗೆ, ಖಾಲಿಯಾಗಿ ಬಿದ್ದಿತ್ತು. ಗಂಗಕ್ಕ ನಾಲ್ಕನೇ ಗೇರಿಗೆ ಹಾಕಿದಳು. ಕಣ್ಣನ್ನು ದೂರ, ರಸ್ತೆ ಸಣ್ಣಗಾಗಿ ಆಕಾಶಕ್ಕೆ ಸೇರುವಲ್ಲಿ ಇಟ್ಟಳು. ಏನೂ ಅಡ್ಡ ಇರಲಿಲ್ಲ. ಉಸಿರು ಬಿಗಿಹಿಡಿದು ಐದಕ್ಕೆ ಹಾಕಿದಳು.

ಇಂಜಿನ್ನಿನ ಕೂಗು ಒಮ್ಮೆಲೇ ತಗ್ಗಿತು. ಯಾರೋ ಪಕ್ಕದ ಕೋಣೆಯ ಬಾಗಿಲು ಮುಂದೆ ಮಾಡಿದಂತೆ. ಕಾರು ತಾನಾಗಿ ಹೋಗುತ್ತಿತ್ತು, ಅವಳು ಬರೀ ಜೊತೆಗಿದ್ದಳು. ಮೋಡದ ನೆರಳುಗಳು ಹೊಲಗಳ ಮೇಲೆ ಹಾದು ಬಂದು, ಕಾರನ್ನೂ ದಾಟಿ, ಹಿರಿಯೂರಿನ ಕಡೆ ಓಡುತ್ತಿದ್ದವು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಒಂದರ ಹಿಂದೊಂದು ತಿರುಗುತ್ತಿದ್ದವು. ಇಷ್ಟು ವರ್ಷ ಬಸ್ಸಿನಿಂದ ನೋಡಿದ್ದಳು, ಆದರೆ ಕಂಬಿ ಹಿಡಿದು ನಿಂತವರ ತೋಳುಗಳ ಸಂದಿಯಲ್ಲಿ ಕಂಡದ್ದಷ್ಟೇ. ಈಗ ಅವುಗಳ ರೆಕ್ಕೆ ನಿಧಾನಕ್ಕೆ ಮೇಲೇರುವುದೂ ಇಳಿಯುವುದೂ ಪೂರ್ತಿ ಕಾಣುತ್ತಿತ್ತು. ಎಲ್ಲ ಯಂತ್ರಗಳೂ ಪಶ್ಚಿಮಕ್ಕೆ ಮುಖ ಮಾಡಿದ್ದವು, ಅವಳೂ ಪಶ್ಚಿಮಕ್ಕೇ ಹೊರಟಿದ್ದಳು. ಎಷ್ಟು ಹೊತ್ತು ಹಾಗೆ ಸಾಗಿದಳೋ. ಅಪ್ಪನ ಹಿಂದೆ ಕುರಿಗಳ ಜೊತೆ ಇದೇ ಕಡೆ ಮೂರು ದಿನ ನಡೆದು ಬಂದದ್ದು ನೆನಪಾಯಿತು. ಆಗಲೂ ಎದುರು ಗಾಳಿ. ಉದ್ದ ಲಂಗ ಕಾಲಿಗೆ ಸುತ್ತಿಕೊಂಡು ಹೆಜ್ಜೆ ಭಾರವಾಗುತ್ತಿತ್ತು.

ದೂರದಲ್ಲಿ ರಸ್ತೆಯ ಬಣ್ಣ ಬದಲಾದಂತೆ ಕಂಡಿತು. ಕಂದು, ಬಿಳಿ, ಅಲುಗಾಡುವಂಥದ್ದು. ಕುರಿಗಳು.

ಅವಳ ಕಾಲು ಹೆದರಲಿಲ್ಲ. ವೇಗ ಇಳಿಸಿದಳು, ನಾಲ್ಕು, ಮೂರು, ಎರಡು. ಮಂದೆಗೆ ಇನ್ನೂ ನೂರು ಹೆಜ್ಜೆ ಇರುವಾಗ ಕಾರು ನಿಂತಿತ್ತು. ಇಂಜಿನ್ ಆರಿಸಿ ಕಿಟಕಿ ಇಳಿಸಿದಳು. ಕುರಿಗಳು ಹತ್ತಿರ ಬಂದು, ಎರಡಾಗಿ ಒಡೆದು, ಕಾರಿನ ಎರಡೂ ಬದಿಯಲ್ಲಿ ಹರಿದವು. ಉಣ್ಣೆಯ ವಾಸನೆ ಒಳಗೆಲ್ಲ ತುಂಬಿತು. ಬಾಗಿಲಿಗೆ ಮೈ ಉಜ್ಜುವ ಮೆತ್ತನೆ ಸದ್ದಿಗೆ ಸಣ್ಣಪ್ಪ ಕಣ್ಣು ಬಿಟ್ಟು, ಎಲ್ಲಿದ್ದೇನೆಂದು ತಿಳಿಯದೆ ಸುತ್ತ ನೋಡಿದ. ಕೊನೆಗೆ ಕಂಬಳಿ ಹೊದ್ದ ಮುದುಕ ಬಂದ.

"ಆರ್ನ್ ಹೊಡೀಲೇ ಇಲ್ವಲ್ಲವ್ವ ನೀನು."

"ಹೊಡೆದ್ರೆ ಚೆದುರ್ತವೆ ಕಣಜ್ಜ."

"ಯಾರ ಮಗಳು?"

"ಯಲ್ಲದಕೆರೆ ಕಡೆ ಗೊಲ್ಲಪ್ಪನ ಮಗಳು."

ಮುದುಕ ಹೆಸರನ್ನು ನೆನಪಿಸಿಕೊಳ್ಳಲು ಯತ್ನಿಸಿದ, ಸಿಗಲಿಲ್ಲ. ಆದರೂ ತಿಳಿದವನಂತೆ ತಲೆಯಾಡಿಸಿ, ಕಾರಿನ ಛಾವಣಿಯನ್ನು ಒಮ್ಮೆ ಅಂಗೈಯಿಂದ ತಟ್ಟಿ ಮುಂದೆ ಹೋದ. ಗಂಗಕ್ಕನ ಕಣ್ಣು ಯಾಕೋ ಮಂಜಾಗಿತ್ತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಇಂಜಿನ್ ಹಚ್ಚಿದಳು.

ರಾಮಗಿರಿಯ ಬಾಗಿಲಲ್ಲೇ ಸಿಕ್ಕ ಬಂಕಿನಲ್ಲಿ ತುಂಬಿಸಿದಳು. ಎಂಬತ್ತನಾಲ್ಕು ಕಿಲೋಮೀಟರಿಗೆ ಐದು ಲೀಟರ್ ಮುನ್ನೂರು ಮಿಲಿ. 15.8. ಹದಿಮೂರಕ್ಕಿಂತ ಎಷ್ಟೋ ವಾಸಿ, ಆದರೆ ಹತ್ತೊಂಬತ್ತು ಅಲ್ಲ. ಮಗಳ ಮನೆಯಲ್ಲಿ ಉಂಡು, ಮೊಮ್ಮಗಳ ಜೊತೆ ಮೂರು ಗಂಟೆ ಆಡಿ, ಸಂಜೆ ಅದೇ ರಸ್ತೆಯಲ್ಲಿ ಹಿಂದಿರುಗಿದಳು. ಮುರುಗಪ್ಪನ ಬಂಕಿನಲ್ಲಿ ಮತ್ತೆ ತುಂಬಿಸಿದಾಗ ಹಿಡಿದದ್ದು ನಾಲ್ಕು ಲೀಟರ್ ನಾನೂರು ಮಿಲಿ. ಅದೇ ದೂರ, ಅದೇ ಕಾರು, 19.1.

ಗಂಗಕ್ಕ ಮರುದಿನ ಬೆಳಿಗ್ಗೆ ಗಾಳಿಯ ಅಳತೆ ನೋಡಿದಳು. ಆ ವರ್ಷದಲ್ಲೇ ಅತಿ ಹೆಚ್ಚು ಗಾಳಿ ಬೀಸಿದ ದಿನ ಅದು. ಹೋಗುವಾಗ ಎದೆಗೆ, ಬರುವಾಗ ಬೆನ್ನಿಗೆ. ಅವಳಿಗೆ ಖುಷಿಯಾದದ್ದು ಅಂಕಿಗಲ್ಲ. ಬೇಲಿಯೊಳಗೆ ಇಪ್ಪತ್ತೇಳು ವರ್ಷ ಬರೆದಿಟ್ಟ ಗಾಳಿ ಹೊರಗೆ ರಸ್ತೆಯ ಮೇಲೂ ಇತ್ತು, ತನ್ನ ಕಾರನ್ನೂ ತಳ್ಳುತ್ತಿತ್ತು.

ಒಂದು ಭಾನುವಾರದ ಲೆಕ್ಕ ಸಾಲದೆಂದು ಅವಳು ಬರೆಯುವುದನ್ನು ಮುಂದುವರಿಸಿದಳು. ಶ್ರಾವಣ, ಭಾದ್ರಪದ ಕಳೆದವು. ಹೋಗಿ ಬರುವುದನ್ನು ಕೂಡಿಸಿದರೆ ಹದಿನೇಳರ ಮೇಲೆ ಸ್ವಲ್ಪ. ಪರದೆ ಮಾತ್ರ ಯಾವಾಗಲೂ ಹದಿನೆಂಟೂವರೆ ಎನ್ನುತ್ತಿತ್ತು.

"ಅದು ಸುಳ್ಳು ಹೇಳ್ತೈತೆ ಅಲ್ವೇನಮ್ಮ?" ಎಂದು ಕೀರ್ತನಾ ಕೇಳಿದಳು.

"ಸುಳ್ಳಲ್ಲ. ಒಂದೂಕಾಲು ಹೆಚ್ಚು ಹೇಳ್ತೈತೆ, ಅಷ್ಟೇ. ನಮ್ಮ ಉಷ್ಣಮಾಪಕ ಒಂದು ಹಂಗೇ ಇತ್ತು, ಕಾಲು ಡಿಗ್ರಿ ಜಾಸ್ತಿ. ಎಷ್ಟು ಜಾಸ್ತಿ ಅಂತ ಗೊತ್ತಿದ್ರೆ ಅದ್ರಲ್ಲೇ ಕೆಲಸ ನಡೀತದೆ."

ನೇತ್ರಾವತಿ ಮೇಡಂ ಒಮ್ಮೆ ಫೋನ್ ಮಾಡಿ ಕಾರು ಹೇಗಿದೆಯೆಂದು ವಿಚಾರಿಸಿದರು. ಗಂಗಕ್ಕ ಹದಿನೇಳೂಕಾಲು ಎಂದಳು. ತಾವು ಯಾವತ್ತೂ ಅಳೆದು ನೋಡಿರಲಿಲ್ಲವೆಂದು ಮೇಡಂ ಒಪ್ಪಿಕೊಂಡರು, ಹೇಗೆ ಅಳೆದಿರಿ ಎಂದು ಕೇಳಿದರು. ಗಂಗಕ್ಕ ತೊಟ್ಟಿಯ ಮುಳ್ಳಿನ ಕಥೆ ಹೇಳಿದಾಗ ವಿಜ್ಞಾನಿ ಬಹಳ ಹೊತ್ತು ನಕ್ಕರು. ಯಾಸ್ಮಿನ್ ಈಗ ತನ್ನಲ್ಲಿ ಕಲಿಯುವ ಹೆಂಗಸರಿಗೆಲ್ಲ ಮೊದಲು ಎಡಗಾಲಿನ ಜಾಗ ತೋರಿಸುತ್ತಾಳೆ.

ಕಾರ್ತಿಕದಲ್ಲಿ ಒಂದು ಭಾನುವಾರ ಗಾಳಿ ಪೂರ್ತಿ ನಿಂತಿತ್ತು. ಹೋಗುವಾಗ ಹದಿನೇಳು ಚಿಲ್ಲರೆ ಬಂತು. ರಾಮಗಿರಿಯಿಂದ ಹಿಂದಿರುಗುವಾಗ ಗುಡ್ಡದ ಮೇಲಿನ ಯಂತ್ರಗಳೆಲ್ಲ ರೆಕ್ಕೆ ಚಾಚಿಕೊಂಡು ಸುಮ್ಮನೆ ನಿಂತಿದ್ದವು, ಇಳಿಬಿಸಿಲು ಅವುಗಳ ಮೇಲೆ ಕೆಂಪಗೆ ಬಿದ್ದಿತ್ತು. ಗಂಗಕ್ಕ ಕಾರು ನಿಲ್ಲಿಸಿದಳು. ಅವತ್ತು ಸಣ್ಣಪ್ಪ ಎಚ್ಚರವಾಗಿದ್ದ. ಮಗಳು ಕಟ್ಟಿಕೊಟ್ಟ ಹುರಿದ ಶೇಂಗಾ ಬಿಚ್ಚಿ ಇಬ್ಬರ ನಡುವೆ ಇಟ್ಟ.

"ಯಾಕೆ ತಿರುಗ್ತಿಲ್ಲ ಅವು?"

"ಗಾಳಿ ಇಲ್ಲ."

"ಹಂಗಾರೆ ಇವತ್ತು ಹೋಗೋದೂ ಬರೋದೂ ಒಂದೇ ಲೆಕ್ಕನಾ?"

ಅವನು ಇಷ್ಟು ದಿನ ನಿದ್ದೆಯಲ್ಲೂ ಕೇಳಿಸಿಕೊಂಡಿದ್ದಾನೆಂದು ಗಂಗಕ್ಕನಿಗೆ ಆಗಲೇ ಗೊತ್ತಾದದ್ದು. "ಪೂರ್ತಿ ಒಂದೇ ಆಗಲ್ಲ. ರಾಮಗಿರಿ ಕಡೆ ನೆಲ ಸ್ವಲ್ಪ ಏರು. ಬರೋವಾಗ ಲೀಟರಿಗೆ ಒಂದು ಕಿಲೋಮೀಟರ್ ಜಾಸ್ತಿ ಬಂದೀತು," ಎಂದಳು.

ಸಣ್ಣಪ್ಪ ಶೇಂಗಾದ ಸಿಪ್ಪೆ ಊದಿದ. ಅದು ಎಲ್ಲಿಗೂ ಹೋಗದೆ ಅಲ್ಲೇ ಅವನ ಮಡಿಲಿಗೆ ಬಿತ್ತು. ಶೇಂಗಾ ಮುಗಿಯುವವರೆಗೆ ಅವರು ಅಲ್ಲೇ ಕೂತಿದ್ದರು.