ಉಪ್ಪಕ್ಕನ ಕೈ ಕೆಟ್ಟಿಲ್ಲ

ಕೋಳಿಗಳು ಗಂಟಲು ಸರಿಮಾಡಿಕೊಳ್ಳುವ ಮೊದಲೇ ಉಪ್ಪಕ್ಕ ಪ್ರಯೋಗಾಲಯದ ಸ್ಟೂಲಿನ ಮೇಲಿದ್ದಾರೆ. ಇಲಿಯ ಮಿದುಳನ್ನು ನಾಲ್ಕು ಕೂದಲ ದಪ್ಪಕ್ಕೆ ಹೆಚ್ಚಿ, ಉಪ್ಪುನೀರಿನಲ್ಲಿ ಜೀವಂತವಾಗಿ ತೇಲಿಬಿಡುತ್ತಾರೆ. ನರಕೋಶದ ಸಂದೇಶ ಹಿಡಿಯಲು ಇವರು ಕಾಸಿ ಎಳೆದ ಗಾಜಿನ ಸೂಜಿಯ ಮೊನೆ ಕಂಡರೆ ಸೊಳ್ಳೆಗಳು ನಾಚಿ ಕಸುಬೇ ಬಿಟ್ಟಾವು. ಇಪ್ಪತ್ತೆರಡು ವರ್ಷ, ದಿನಕ್ಕೆ ಮಿದುಳಿನ ನಲವತ್ತು ಬಿಲ್ಲೆ, ನಾಲ್ಕು ಲೀಟರ್ ಉಪ್ಪುನೀರಿನ ದ್ರಾವಣ. ಏಳು ಸಮುದ್ರಗಳಿಗೆ ಉಪ್ಪು ಹದ ಮಾಡಿದವರೂ ಇವರೇ ಎಂದರೆ ಕಣ್ಣುಮುಚ್ಚಿ ನಂಬಬಹುದು. ಮನೆಯಲ್ಲಿ ಮಾತ್ರ ಅತ್ತೆಯ ತಕರಾರು: “ಊರಿಗೆಲ್ಲ ಉಪ್ಪು ಅಳೀತೀಯ, ನಮ್ಮ ಅಡುಗೆಗೆ ಹಾಕೋಕೆ ಮರೀತೀಯಲ್ಲೇ!”

ನರಕೋಶದ ತುದಿಯಲ್ಲಿ ರಾಸಾಯನಿಕ ಸಂದೇಶ ತುಂಬಿದ ಪುಟಾಣಿ ಚೀಲಗಳು ಬಾಗಿಲಿಗೆ ಒತ್ತಿ ನಿಂತಿರುತ್ತವೆ. ಅವನ್ನು ತಡೆಯುವುದೂ ಹೊರಬಿಡುವುದೂ ಪ್ರೋಟೀನುಗಳೇ. ಕ್ಯಾಲ್ಸಿಯಂ ಒಳನುಗ್ಗಿದ್ದನ್ನು ಒಂದು ಪ್ರೋಟೀನು ಗುರುತಿಸಿದ ಕ್ಷಣ ಚೀಲ ಬಾಯಿ ತೆರೆದು ಸಂದೇಶ ಚಿಮ್ಮುತ್ತದೆ. ಕ್ಯಾಲ್ಸಿಯಂ ಇಲ್ಲವೋ, ಎಲ್ಲ ಗಪ್‌ಚುಪ್. “ಕ್ಯಾಲ್ಸಿಯಂನ ಕೊನೇಲಿ, ಉಪ್ಪುನೀರಿಗೆ ಗ್ಯಾಸ್ ಹಾಯಿಸಿದ ಮೇಲೆ ಹಾಕ್ಬೇಕು. ಮೊದಲೇ ಹಾಕಿದ್ರೆ ನೀರು ಮಬ್ಬಾಗತ್ತೆ. ಅದಕ್ಕೇ ಬೇರೆ ಬಾಟಲಿ,” ಎನ್ನುತ್ತಾರೆ ಉಪ್ಪಕ್ಕ.

ತಿಂಗಳ ಹಿಂದೆ ತಂಗಿಯ ಹೆರಿಗೆಗೆಂದು ಮೂರು ದಿನ ರಜೆ ಹಾಕಿದರು. ಆಗ ದ್ರಾವಣ ಕಲಸಿದವರು ಪ್ರಯೋಗಾಲಯದ ಯಜಮಾನರು, ಸಾಕ್ಷಾತ್ ದೊಡ್ಡ ಡಾಕ್ಟರು. ತಾವು ಹೊಸದಾಗಿ ಹುಡುಕಿದ ಪ್ರೋಟೀನನ್ನು ಕೋಶಕ್ಕೆ ಸೇರಿಸಿದರು, ಸಂದೇಶ ಬಂದ್! ಬಾಗಿಲಿನ ಬೀಗ ಸಿಕ್ಕಿತೆಂದು ಮೂರು ಲೋಕಕ್ಕೂ ಡಂಗುರ ಸಾರಿದರು. ಹೋಲಿಕೆಗೆ ಇಟ್ಟದ್ದು ಆ ಪ್ರೋಟೀನಿಲ್ಲದೆ ಉಪ್ಪಕ್ಕ ಹಿಂದಿನ ವಾರ ತಮ್ಮದೇ ದ್ರಾವಣದಲ್ಲಿ ತೆಗೆದ ದಾಖಲೆ. ಉಪ್ಪಕ್ಕ ವಾಪಸು ಬಂದು ನೋಡಿದರೆ, ಹಳೆಯದು ಖಾಲಿಯಾಯಿತೆಂದು ರಜೆಗೆ ಮೊದಲು ತಾವೇ ತಂದಿಟ್ಟಿದ್ದ ಹೊಸ ಕ್ಯಾಲ್ಸಿಯಂ ಬಾಟಲಿಯ ಸೀಲೇ ಒಡೆದಿಲ್ಲ! ಅದೇ ಪ್ರೋಟೀನು ಸೇರಿಸಿ, ಕ್ಯಾಲ್ಸಿಯಂ ಬೆರೆಸಿ ತಾವೇ ಪ್ರಯೋಗ ಮಾಡಿದರು. ಹನ್ನೊಂದು ಬಿಲ್ಲೆಗಳಲ್ಲೂ ಸಂದೇಶ ಧುಮ್ಮಿಕ್ಕಿತು.

“ಸಾರ್, ಈ ಬಾಟಲಿ ನೋಡಿ.”

“ನಂಗೇ ಪಾಠ ಹೇಳ್ತೀಯೇನಮ್ಮಾ? ನಿನ್ನ ಕೈ ಕೆಟ್ಟಿದೆ.”

“ಕೆಟ್ಟ ಕೈಲಿ ಸತ್ತ ಬಿಲ್ಲೆ ಬರತ್ತೆ ಸಾರ್. ಸತ್ತದ್ದು ಹೀಗೆ ಕೂಗಾಡಲ್ಲ.”

ಡಾಕ್ಟರು ದಿನಚರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಗೀಚಿದರು: ‘ಕೆಲಸದಾಕೆಯ ಕೈದೋಷ. ಫಲಿತಾಂಶ ಕೈಬಿಡಲಾಗಿದೆ.’ ಬೀಗ ಸಿಕ್ಕಿತೆಂಬ ಲೇಖನ ಅಚ್ಚಿಗೆ ಹೋಯಿತು. ಸೋಮವಾರದಿಂದ ಉಪ್ಪಕ್ಕ ತೊಟ್ಟಿಯ ಮುಂದೆ ನಿಂತು ಗಾಜಿನ ಪಾತ್ರೆ ತೊಳೆಯಬೇಕಂತೆ! ಮರೆತವರಿಗೆ ಸನ್ಮಾನ, ನೆನಪಿಸಿದವರಿಗೆ ತೊಟ್ಟಿ. ಇದಕ್ಕೆ ವಿಜ್ಞಾನ ಎಂದು ಹೆಸರು ಬೇರೆ.

“ಲೇಖನದಲ್ಲಿ ನನ್ನ ಹೆಸರು ಹಾಕಿ ಅಂತ ಯಾವತ್ತೂ ಕೇಳಿಲ್ಲ, ಈಗಲೂ ಬೇಡ.” ಉಪ್ಪಕ್ಕನ ದನಿ ಸಿಟ್ಟಿಗೆ ನಡುಗುತ್ತದೆ, ಬೆರಳು ನಡುಗುವುದಿಲ್ಲ. “ಡಾಕ್ಟರು ಒಂದೇ ಒಂದ್ಸಲ ಬಂದು ಪಕ್ಕದಲ್ಲಿ ಕೂರ್ಲಿ. ನಾನು ಮಾಡ್ತೀನಿ, ಅವರು ಕಣ್ಣಾರೆ ನೋಡ್ಲಿ. ಆ ಕೆಂಪು ಸಾಲನ್ನ ಅವರ ಕೈಯಾರೆ ಹೊಡೆದುಹಾಕ್ಲಿ. ಆಮೇಲೆ ಬೇಕಾದ್ರೆ ಜೀವಮಾನವೆಲ್ಲ ಗಾಜು ತೊಳೀತೀನಿ.”