ರಂಗಲಕ್ಷ್ಮಮ್ಮ ಕಳಿಸಿದ ಅರ್ಧ ಕೇಜಿ ಮಣ್ಣು

ರಂಗಲಕ್ಷ್ಮಮ್ಮನ ಮುತ್ತಾತ ಗಿರಿಯಪ್ಪ ಚೌಳು ಮಣ್ಣು ಕದಡಿ ಉಪ್ಪು ತೆಗೆದವನು. ಚಿಟಿಕೆ ಮಣ್ಣನ್ನು ನಾಲಿಗೆಗೆ ಇಟ್ಟು, ಇಲ್ಲಿ ಎಷ್ಟು ಉಪ್ಪು ಕೂತಿದೆ ಎಂದು ಹೇಳುತ್ತಿದ್ದನಂತೆ. ತಾತ ಮೂಡ್ಲಪ್ಪ ಏಳು ಬಾವಿ ತೋಡಿ ಆರರಲ್ಲಿ ನೀರು ಕಂಡ. ಏಳನೆಯದರ ಮಾತೆತ್ತಿದವರ ಮನೆಯಲ್ಲಿ ಆಮೇಲೆ ಅವನು ತೊಟ್ಟು ನೀರನ್ನೂ ಕುಡಿಯಲಿಲ್ಲ. ಅಪ್ಪ ಚೌಡಪ್ಪ ಉಪ್ಪಾರಹಳ್ಳಿಯ ಎಷ್ಟೋ ಮನೆಗಳಿಗೆ ಪಾಯ ತೆಗೆದ. ಇಂಥ ವಂಶದ ಹೆಣ್ಣುಮಗಳು ತುಮಕೂರಿನ ಒಂದು ಶಾಲೆಯಲ್ಲಿ ಬಿಸಿಯೂಟದ ಸೌಟು ಹಿಡಿದಿದ್ದರೂ, ಮಣ್ಣಿನ ವಿಷಯ ಬಂದರೆ ಯಾರಿಗೂ ಸೊಪ್ಪು ಹಾಕುವವಳಲ್ಲ.

ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ತರಕಾರಿ ಬೆಳೆಯೋಣವೆಂದು ಮಾತಾದಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾರ್ಕೆಟ್ಟಿನಿಂದ ಬರುವ ಬಾಡಿದ ದಂಟಿನ ಸೊಪ್ಪನ್ನು ಸೋಸಿ ಸೋಸಿ ಬೇಸತ್ತಿದ್ದಳು. ಆದರೆ ವಿಜ್ಞಾನದ ಟೀಚರ್ ಸುಮನಾ ತಡೆದರು. ಕಾಂಪೌಂಡಿನ ಆಚೆ ಹಿಂದೊಮ್ಮೆ ಬ್ಯಾಟರಿ ರಿಪೇರಿಯ ಶೆಡ್ಡಿತ್ತು. ಸೀಸ ಮಣ್ಣಿಗೆ ಸೇರಿದ್ದರೆ ಸೊಪ್ಪಿನ ಜೊತೆ ಮಕ್ಕಳ ಹೊಟ್ಟೆಗೂ ಹೋಗುತ್ತದೆ. ಲ್ಯಾಬಿನಲ್ಲಿ ನೋಡಿಸದೆ ಬೀಜ ಹಾಕಕೂಡದು ಎಂದರು.

ರಂಗಲಕ್ಷ್ಮಮ್ಮ ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡಳು. "ಚೌಳಿಲ್ಲ, ಏನಿಲ್ಲ. ಬೆಲ್ಲ ಇದ್ದಂಗೈತೆ ಮೇಡಮ್ಮೋರೆ."

"ಅಯ್ಯೋ, ಮೊದ್ಲು ಉಗೀರಿ. ಸೀಸ ನಾಲಿಗೆಗೆ ಗೊತ್ತಾಗಲ್ಲ."

"ನಿಮ್ ನಾಲಿಗೆಗೆ ಗೊತ್ತಾಗಲ್ಲ ಅನ್ನಿ. ಬರೀ ಕಾಫಿ ಕುಡ್ದ ನಾಲಿಗೆ."

ಹತ್ತು ಕಡೆ ಗೇಣುದ್ದ ತೋಡಿ, ಬೆರೆಸಿ, ಬೆಂಗಳೂರಿನ ಲ್ಯಾಬಿಗೆ ಅರ್ಧ ಕೇಜಿ ಮಣ್ಣು ಕಟ್ಟಿಕೊಡುವ ಕೆಲಸ ಅವಳ ಪಾಲಿಗೇ ಬಂತು. ಒಂದು ಕಡೆ ತೋಡಿ ನೋಡಿದರೆ ಇಟ್ಟಿಗೆ ಚೂರು, ಗಾಜು, ಗುಟ್ಕಾ ಚೀಟಿ. ಇದನ್ನು ಬೆಂಗಳೂರಿನವರ ಮುಂದೆ ಇಡುವುದೇ? ಹೆಣ್ಣು ನೋಡಲು ಬಂದವರೆದುರು ತಲೆ ಬಾಚದ ಹುಡುಗಿಯನ್ನು ಕೂರಿಸುವ ಮನೆತನವಲ್ಲ ಅವಳದು. ಭಾನುವಾರ ಗುಬ್ಬಿಗೆ ಹೋಗಿ, ಅಲ್ಲಿಂದ ಚೇಳೂರಿನ ಬಸ್ಸು ಹತ್ತಿ, ತಮ್ಮ ಕನಕರಾಜುವಿನ ತೆಂಗಿನ ತೋಟ ಸೇರಿದಳು. ಕೆರೆಯ ಹೂಳು ಹೊಡೆಸಿದ್ದ ಪಾತಿಯ ಮಣ್ಣು ಕೆದಕಿ, ನೆರಳಲ್ಲಿ ಆರಿಸಿ, ಹಿಟ್ಟಿನ ಜರಡಿ ಹಿಡಿದಳು.

"ಮಣ್ಣಲ್ಲಿ ರೊಟ್ಟಿ ತಟ್ತೀಯೇನಕ್ಕ?" ಎಂದ ಕನಕರಾಜು.

"ತೆಪ್ಪಗಿರ್ಲಾ. ನಿನ್ ಮಣ್ಣಾದ್ರೂ ಬೆಂಗ್ಳೂರು ನೋಡ್ಲಿ."

ಎರಡು ವಾರಕ್ಕೆ ರಿಪೋರ್ಟು ಬಂತು. ಸೀಸದ ಭಯವಿಲ್ಲ, ಮಣ್ಣು ಬಲು ಫಲವತ್ತು. ಹೆಡ್‌ಮಾಸ್ಟರ್ ವೀರಭದ್ರಯ್ಯನವರು ಅದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಓದಿ, ಚಪ್ಪಾಳೆ ಹೊಡೆಸಿ, ಗೋಡೆಗೆ ಅಂಟಿಸಿದರು. ರಂಗಲಕ್ಷ್ಮಮ್ಮ ಪಾಸಾದ ಮಣ್ಣು ತಾನೇ ಎಂಬಂತೆ ಸೆರಗು ಸರಿಮಾಡಿಕೊಂಡು ನಿಂತಿದ್ದಳು.

ನಾಳೆ ಬಿತ್ತನೆ ಎನ್ನುವಾಗ ಮಡಿ ಮಾಡಲು ಅವಳೇ ಗುದ್ದಲಿ ಹಿಡಿದಳು. ಗೋಡೆಯ ಪಕ್ಕ ಎರಡನೇ ಏಟಿಗೆ ಜಾಲರಿಯಂಥ ಕಪ್ಪು ತಗಡೊಂದು ಎದ್ದಿತು. ಇನ್ನೊಂದು ಏಟಿಗೆ ಇನ್ನೆರಡು. ಬ್ಯಾಟರಿಯ ಹೊಟ್ಟೆಯೊಳಗಿನ ಸೀಸ. ಅವಳ ಕೈ ನಿಂತಿತು. ಮಣ್ಣು ಎಳೆದು ಮುಚ್ಚಿದರೆ ಹೆಸರು ಉಳಿಯುತ್ತದೆ. ಆದರೆ ಆ ಸೊಪ್ಪಿನ ಸಾರು ಬಡಿಸುವವಳು ಅವಳೇ, ತಟ್ಟೆ ಚಾಚುವವರು ನೂರಿಪ್ಪತ್ತು ಮಕ್ಕಳು. ತಗಡು ಹಿಡಿದು ಸ್ಟಾಫ್ ರೂಮಿಗೆ ನಡೆದಳು.

"ಪಾಸಾಗಿದ್ದು ಈ ಮಣ್ಣಲ್ಲ ಮೇಡಮ್ಮೋರೆ. ಅದು ಚೇಳೂರಿಂದು. ನಾನೇ ತಂದು ಕಳ್ಸಿದ್ದೆ."

ಸುಮನಾ ತಗಡನ್ನು ತಿರುಗಿಸಿ ನೋಡಿದರು. "ಪರೀಕ್ಷೆಗೆ ಬೇರೆಯವ್ರನ್ನ ಕೂರ್ಸಿ ಪಾಸ್ ಮಾಡ್ಸಿದ್ರಲ್ಲಮ್ಮ."

"ಅದೂ ಫಸ್ಟ್ ಕ್ಲಾಸಲ್ಲಿ" ಎಂದಳು ರಂಗಲಕ್ಷ್ಮಮ್ಮ, ತಲೆ ತಗ್ಗಿಸಿಕೊಂಡೇ.

ವೀರಭದ್ರಯ್ಯನವರು ಗೋಡೆಯ ಮೇಲಿನ ರಿಪೋರ್ಟು ಕಿತ್ತರು. ಬಿತ್ತನೆ ನಿಂತಿತು. ಹತ್ತು ಕಡೆ ತೋಡಿ, ಇದ್ದ ಮಣ್ಣನ್ನು ಇದ್ದ ಹಾಗೇ ಕಳಿಸಬೇಕೆಂದಾಯಿತು. ಅರವತ್ತರ ಹತ್ತಿರದ ಹೆಂಗಸು ಪಾಪ ಎಂದುಕೊಂಡು ಅವರೇ ಪ್ಯಾಂಟು ಮಡಚಿ ಹಾರೆ ಎತ್ತಿಕೊಂಡರು; ಸುಮನಾ ಬುಟ್ಟಿ ತಂದರು.

"ಹಾರೆ ಇತ್ಲಾಗ್ ಕೊಡಿ ಸಾ" ಎಂದಳು ರಂಗಲಕ್ಷ್ಮಮ್ಮ. "ಸುಳ್ ಮಣ್ಣು ಕಳ್ಸಿದ್ದು ನಾನು, ನಿಜದ್ದು ತೋಡೋಳೂ ನಾನೇ. ನಿಮ್ ಕೈಗೆ ಬೊಬ್ಬೆ ಎದ್ರೆ ನಾಳೆ ಸೀಮೆಸುಣ್ಣ ಹಿಡಿಯೋರ್ಯಾರು? ನೀವಿಬ್ರೂ ಆ ನೆಳ್ಳಾಗೆ ಕೂತ್ಕೊಂಡು ಹತ್ತಾಯ್ತಾ ಅಂತ ಎಣಿಸ್ತಾ ಇರಿ, ಸಾಕು."